ಭವ್ಯಾಳ ಮೂರನೇ ಮನೆಗೆ

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಅರಸೀಕೆರೆ ಬಿಟ್ಟೆವು. ನಾನೂ ಹನ್ನೊಂದು ವರ್ಷದ ಭವ್ಯಾಳೂ ಹೆಂಗಸರ ಲೆಕ್ಕಕ್ಕೆ ಸೇರಿದವರಾದ್ದರಿಂದ ಕಂಡಕ್ಟರ್ ಎರಡು ಸೊನ್ನೆ ಟಿಕೆಟ್ ಹರಿದುಕೊಟ್ಟ. ಹೆತ್ತವರಿಲ್ಲದ ಮಕ್ಕಳಿಗೆ ಸಾಕುವ ಮನೆ ಹುಡುಕುವುದು ನನ್ನ ಉದ್ಯೋಗ. ಭವ್ಯಾಳನ್ನು ಎರಡು ಮನೆಯವರು ವಾಪಸು ಕಳಿಸಿದ್ದರು. ಆ ಎರಡನ್ನೂ ಆರಿಸಿದವಳು ನಾನೇ. ಈ ಸಲ ಮಾತ್ರ ತಪ್ಪುವುದಿಲ್ಲವೆಂಬ ಧೈರ್ಯವಿತ್ತು. ಈ ಮೂರನೇ ಮನೆಗೆ ಆರು ತಿಂಗಳು ಎಡತಾಕಿದ್ದೆ.

ಜಾವಗಲ್‌ನಲ್ಲಿ ಇಳಿದು ಇಡ್ಲಿ ತಿಂದೆವು. ಹಳೇಬೀಡಿನಲ್ಲಿ ಕೆರೆಯ ಗಾಳಿ ತಣ್ಣಗಿತ್ತು. ಪ್ರವಾಸಿಗರು ದೇವಸ್ಥಾನದ ಕಡೆ ಹೋದರು, ನಾವು ಮಾದಿಹಳ್ಳಿ ಬಸ್ ಹತ್ತಿದೆವು.

"ಎಷ್ಟು ದಿನ ಮೇಡಂ?" ಎಂದಳು ಭವ್ಯಾ.

"ಈಗ ಮೂರು ದಿನ. ನಿಂಗೆ ಹಿಡಿಸಿದ್ರೆ ದೊಡ್ಡೋಳಾಗೋವರ್ಗೂ."

ಮಾದಿಹಳ್ಳಿಯಲ್ಲಿ ಎರಡು ಹಸು ಕಟ್ಟಿ ಡೈರಿಗೆ ಹಾಲು ಹಾಕುವ ರತ್ನಮ್ಮ ಗಂಡನೊಂದಿಗೆ ಬಾಗಿಲಲ್ಲೇ ಕಾದಿದ್ದರು. ಕಾಲಿಗೆ ನೀರು, ಹೊಸ ಚಾಪೆ, ಒಬ್ಬಟ್ಟು. ತಟ್ಟೆ ತೊಳೆಯಲು ಎದ್ದ ಹುಡುಗಿಯನ್ನು "ನೀ ಕೂತ್ಕೊ ಕಣವ್ವ" ಎಂದು ಕೈಹಿಡಿದು ಕೂರಿಸಿದರು. ನನಗೆ ಖುಷಿಯೋ ಖುಷಿ. ಅವಳನ್ನು ಅಲ್ಲೇ ಬಿಟ್ಟು ಬೇಲೂರಿಗೆ ಹೋಗಿ ಗೆಳತಿಯ ಮನೆಯಲ್ಲಿ ಉಳಿದೆ. ಶನಿವಾರವೆಲ್ಲ ಗುಡಿಯ ಕಂಬಗಳನ್ನು ನೋಡುತ್ತ, ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತ ಕಳೆದೆ.

ಭಾನುವಾರ ಹೋದರೆ ಭವ್ಯಾ ಚೀಲ ಹೊತ್ತು ಜಗಲಿಯಲ್ಲಿ ನಿಂತಿದ್ದಳು.

"ಯಾಕೆ, ಬೈದ್ರಾ?"

"ಇಲ್ಲ. ಹೋದ ಎರಡು ಮನೇಲೂ ಮೊದ್ಲು ಹಿಂಗೇ ಒಬ್ಬಟ್ಟು ಮಾಡಿದ್ರು. ನೆಂಟ್ರು ಹೊರಡ್ಲೇಬೇಕಲ್ಲ ಮೇಡಂ. ಅವ್ರು ಹೇಳೋಕ್ಮುಂಚೆ ನಾನೇ ಬತ್ತೀನಿ."

ಮಲಗುವ ಕೋಣೆ, ಶಾಲೆಯ ದೂರ, ಎಲ್ಲ ನನ್ನ ಫೈಲಿನಲ್ಲಿತ್ತು. ನೆಂಟರ ಹಾಗೆ ಉಪಚಾರ ಮಾಡಬೇಡಿ ಎಂದು ಹೇಳಲು ಮಾತ್ರ ಮೂರನೇ ಸಲವೂ ನನಗೆ ತೋಚಿರಲಿಲ್ಲ. ನಾಚಿಕೆಯಾಯಿತು.

ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡ ರತ್ನಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೊರಬಂದರು.

"ಏನೇ, ಒದ್ದೆ ಟವಲ್ಲು ಹಾಸಿಗೆ ಮ್ಯಾಲೆ ಬಿದ್ದೈತೆ, ಯಾರೇ ಎತ್ತಾರು? ಮೂರು ದಿನದಿಂದ ನೋಡ್ತಾ ಇವ್ನಿ. ನೆಂಟ್ರಾದ್ರೆ ಸುಮ್ನಿರ್ತಿದ್ದೆ. ನಮ್ಮನೆ ಮಗೀಗೆ ಹೇಳ್ದೆ ಇರಕಾಯ್ತದಾ?"

ಭವ್ಯಾ ನನ್ನ ಮುಖ ನೋಡಿದಳು, ಅವರ ಮುಖ ನೋಡಿದಳು. ಚೀಲ ಹೊತ್ತೇ ಒಳಗೆ ಹೋದಳು. ಹೊರಬಂದಾಗ ಕೈಯಲ್ಲಿ ಟವಲ್ಲು ಮಾತ್ರ ಇತ್ತು.

"ಮೂರು ದಿನ ಅಲ್ಲ, ಒಂದೇ ದಿನ ಹಾಕಿದ್ದು!"

"ಎದುರು ಬೇರೆ ಮಾತಾಡ್ತೀಯಾ?"

ರಸ್ತೆಗೆ ಬಂದು ತಿರುಗಿ ನೋಡಿದೆ. ಜಗಳ ಇನ್ನೂ ಜೋರಾಗಿ ಕೇಳಿಸುತ್ತಿತ್ತು. ಬಸ್ ಬಂದರೂ ನನ್ನನ್ನು ಕಳಿಸಿಕೊಡಲು ಯಾರೂ ಬಾಗಿಲಿಗೆ ಬರಲಿಲ್ಲ.