ಹೆಸರಿನ ತಗಡು

ನಿವೃತ್ತಿಯಾದ ವರ್ಷ ನಾನೊಂದು ಲೇಸರ್ ಯಂತ್ರ ಕೊಂಡೆ. ಯಸಳೂರು ಕಡೆಯ ಹೈಸ್ಕೂಲಿನಲ್ಲಿ ಅಷ್ಟು ವರ್ಷ ವಿಜ್ಞಾನ ಹೇಳಿಕೊಟ್ಟವಳು ನಾನು. ಬೆಳಕು ನೇರವಾಗಿ ಚಲಿಸುತ್ತದೆ ಎಂದು ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸಿದ್ದೆನೇ ಹೊರತು, ಬೆಳಕು ಲೋಹವನ್ನು ಕೊಯ್ಯುವುದನ್ನು ಕಣ್ಣಾರೆ ಕಂಡಿರಲಿಲ್ಲ. ಮನೆಯವರು, "ಮೆಣಸು ಕುಯ್ಯೋಕೆ ಒಂದು ಒಳ್ಳೆ ಏಣಿ ತಗಳಣ ಅಂದ್ರೆ ಇದನ್ನ ತಂದ್ಲು" ಎಂದು ನಾಲ್ಕು ದಿನ ಗೊಣಗಿದರು. ಐದನೆಯ ದಿನ ತಾವೇ ಹಿಂದಿನ ಕೋಣೆಯ ಕಿಟಕಿಗೆ ಹೊಗೆ ಹೋಗುವ ಪೈಪು ಕೂರಿಸಿಕೊಟ್ಟರು.

ಯಂತ್ರ ಹೊಲಿಗೆ ಮಿಷನ್ನಿಗಿಂತ ದೊಡ್ಡದೇನಲ್ಲ. ಅದರ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣು ತೆಗೆಯಬಲ್ಲದು. ಹಾಗಾಗಿ ಹಸಿರು ಕನ್ನಡಕ ಹಾಕದೆ ಯಾರನ್ನೂ ಕೋಣೆಯೊಳಗೆ ಬಿಡುತ್ತಿರಲಿಲ್ಲ. ಅದು ಕೆಲಸ ಮಾಡುವುದು ಅಂಗೈಯಗಲದ ಜಾಗದಲ್ಲಿ ಮಾತ್ರ. ಹಿತ್ತಾಳೆಯ ಮೇಲೆ ಹೆಸರು ಕೆತ್ತುವುದು ಅದಕ್ಕೆ ಸುಲಭ, ತಗಡನ್ನು ಆಚೆಯವರೆಗೂ ತೂತಾಗುವಂತೆ ಕೊಯ್ಯುವುದು ಹಠದ ಕೆಲಸ. ಒಂದೇ ಗೆರೆಯ ಮೇಲೆ ಹೋಗಿದ್ದೇ ಹೋಗಬೇಕು, ನಡುನಡುವೆ ನಿಲ್ಲಿಸಿ ಆರಲು ಬಿಡಬೇಕು, ಆಮೇಲೆ ಎಲ್ಲೋ ಒಂದು ಕಡೆ ಅದು ಬಿಟ್ಟುಕೊಡುತ್ತದೆ. ಮೊದಮೊದಲು ಬೀಗದ ಕೈಗಳಿಗೆ ಬಿಲ್ಲೆ, ನಾಯಿಗಳ ಕೊರಳಿಗೆ ಬಿಲ್ಲೆ, ಇಷ್ಟರಲ್ಲೇ ಇದ್ದೆ.

ಕಾಫಿ ಕುಯ್ಲು ಮುಗಿಯುತ್ತ ಬಂದಿದ್ದಾಗ ಒಂದು ಬೆಳಿಗ್ಗೆ ಪಕ್ಕದ ಊರಿನ ಹೆಂಗಸೊಬ್ಬಳು ಬಂದಳು. ಐವತ್ತರ ಹತ್ತಿರದವಳು, ಮದುವೆಯಾಗಿರಲಿಲ್ಲ. ಹಾಸಿಗೆ ಹಿಡಿದಿದ್ದ ತಾಯಿಯನ್ನು ಕೊನೆಯವರೆಗೆ ನೋಡಿಕೊಂಡವಳು. ತಾಯಿ ತೀರಿಕೊಂಡ ಮೇಲೆ ತಮ್ಮನೇ ಮುಂದಾಗಿ ಎರಡು ಎಕರೆ ಕಾಫಿ ತೋಟವನ್ನು ಅವಳ ಹೆಸರಿಗೆ ಮಾಡಿಸಿದ್ದ.

"ಮೇಡಂ, ಚೀಲದ ಮ್ಯಾಲೆ ಹೆಸ್ರು ಹೊಡಿಯೋ ತಗಡು ನಿಮ್ಮ ಮಿಷನ್ನಲ್ಲಿ ಆಯ್ತದಾ?" ಎಂದು ಕೇಳಿದಳು.

"ಯಾರ ಹೆಸರು?"

"ನಂದೇ." ಹೇಳಿ ಒಂದು ಕ್ಷಣ ಹೊರಗೆ ನೋಡಿದಳು. "ಇಷ್ಟು ದಿನ ಅಪ್ಪನ ಮಾರ್ಕಲ್ಲೇ ಹೋಗ್ತಿತ್ತು."

ಎಂಟನೇ ತರಗತಿಯಲ್ಲಿ ಅರ್ಧ ವರ್ಷ ಅವಳು ನನ್ನ ವಿದ್ಯಾರ್ಥಿನಿಯಾಗಿದ್ದಳು. ದಸರೆ ರಜೆಯ ನಂತರ ಬರಲಿಲ್ಲ. ಒಂದು ತಿಂಗಳು ಕಾದು, ಹೆಡ್‌ಮಾಸ್ಟರು ಹೇಳಿದಂತೆ, ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ ಎಳೆದವಳು ನಾನು. ಆಗ ನನಗೆ ಹೊಸ ಕೆಲಸ. ಮನೆಗೆ ಹೋಗಿ ವಿಚಾರಿಸಬಹುದಿತ್ತು ಎಂದು ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ. ಎರಡು ವರ್ಷ ಕಿರಿಯನಾದ ಅವಳ ತಮ್ಮ ಅದೇ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿ ಹೋದ.

ಅಂಚೆ ಕಾರ್ಡಿನಷ್ಟು ತೆಳುವಾದ ಸ್ಟೀಲ್ ತಗಡು ನನ್ನಲ್ಲಿತ್ತು. ಅಕ್ಷರಗಳ ಆಕಾರವನ್ನು ಅದರಲ್ಲಿ ಕೊಯ್ದು ತೆಗೆದರೆ, ಚೀಲದ ಮೇಲಿಟ್ಟು ಶಾಯಿ ಬಳಿದಾಗ ಹೆಸರು ಮೂಡುತ್ತದೆ. ಒಮ್ಮೆಗೆ ಒಂದೊಂದೇ ಅಕ್ಷರ ಕೊಯ್ದು, ತಗಡನ್ನು ಸರಿಸಿ, ಮುಂದಿನದಕ್ಕೆ ಹೋಗಬೇಕಾಗಿತ್ತು. ಅವಳು ಮೂಗಿನಿಂದ ಜಾರುವ ಹಸಿರು ಕನ್ನಡಕವನ್ನು ಕಣ್ಣಿಗೇ ಒತ್ತಿ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತಳು. ಕಿಡಿಗಳು ಸಣ್ಣಗೆ ಓಡಿದವು. ಮಧ್ಯಾಹ್ನದ ಹೊತ್ತಿಗೆ ಮುಗಿಯಿತೆಂದು ತಗಡು ಎತ್ತಿದೆ. ಟಣ್ ಟಣ್ ಎಂದು ಎರಡು ಪುಟ್ಟ ಬಿಲ್ಲೆಗಳು ನೆಲಕ್ಕೆ ಬಿದ್ದವು. ಅವಳ ಹೆಸರಿನಲ್ಲಿ ಒಂದು 'ರ' ಇತ್ತು, ಒಂದು ಸೊನ್ನೆ ಇತ್ತು. ಸುತ್ತ ಕೊಯ್ದ ಮೇಲೆ ಒಳಗಿನ ಭಾಗಕ್ಕೆ ಹಿಡಿದುಕೊಳ್ಳಲು ಏನಿದೆ? ಅಕ್ಷರವಿದ್ದ ಕಡೆ ಬರೀ ತೂತು.

"ಹೊಟ್ಟೆನೇ ಉದುರ್ಹೋಗ್ಬುಡ್ತಲ್ಲ ಮೇಡಂ!" ಎಂದು ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಇಷ್ಟು ಸಣ್ಣ ವಿಷಯ ಹೊಳೆಯದೆ ಹೋಯಿತಲ್ಲ ಎಂದು ಮುಜುಗರವಾಯಿತು. ಸಾಲದ್ದಕ್ಕೆ ಶಾಖಕ್ಕೆ ತಗಡು ಒಂದು ಕಡೆ ಸುರುಳಿ ಎದ್ದಿತ್ತು. ನಾಲ್ಕು ದಿನ ಬಿಟ್ಟು ಬಾ ಎಂದು ಕಳಿಸಿದೆ.

ಮಾರನೆಯ ದಿನ ಅವಳ ತಮ್ಮ ಬಂದ. ಗೇಟಿನಲ್ಲಿ ಬೈಕ್ ನಿಂತ ಸದ್ದು ಕೇಳಿದಾಗಲೇ, ಜಗಳಕ್ಕೆ ಬಂದಿದ್ದಾನೆ ಎಂದುಕೊಂಡೆ. ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡು ಬಾಗಿಲಿಗೆ ಹೋದೆ. ಅವನು ಚಪ್ಪಲಿ ಬಿಟ್ಟು ಜಗಲಿಯ ಅಂಚಿನಲ್ಲಿ ಕೂತ. ಕಂಕುಳಲ್ಲಿ ಪೇಪರಿನಲ್ಲಿ ಸುತ್ತಿದ ಏನೋ ಇತ್ತು.

"ಅಕ್ಕ ಬಂದಿದ್ಲಂತೆ."

"ಬಂದಿದ್ದಳು."

"ಬಾಳ್ಳುಪೇಟೇಲಿ ಶಾಯಿ ತಗಳಕ್ಕೆ ಹೋಗವ್ಳೆ. ಆ ಅಂಗ್ಡಿಯೋನು ನನ್ನ ಕೇಳ್ತಾನೆ, ಏನು, ಬ್ಯಾರೆ ಆದ್ರಾ ಅಂತ. ಮೂರನೇವ್ರ ಬಾಯಲ್ಲಿ ಕೇಳ್ಬೇಕಾಯ್ತಲ್ಲ ಮೇಡಂ ನಾನು." ಅವನ ದನಿ ಏರಲಿಲ್ಲ, ಅದೇ ನನಗೆ ಕಷ್ಟವಾಯಿತು. "ತೋಟ ಯಾರೂ ಕೇಳಿರ್ಲಿಲ್ಲ, ನಾನೇ ಕೊಟ್ಟೆ. ಚೀಲ ಅಪ್ಪನ ಹೆಸ್ರಲ್ಲಿ ಹೋದ್ರೆ ಏನಾಗ್ತಿತ್ತು?"

"ಅದನ್ನು ಅವಳನ್ನೇ ಕೇಳಬೇಕಪ್ಪ."

"ಕೇಳ್ದೆ. ನಿನ್ ಮ್ಯಾಲೆ ಸಿಟ್ಟಿಲ್ಲ ಕಣೋ, ನಂಗೂ ನನ್ ಹೆಸ್ರ ಒಂದ್ಸಲ ನೋಡ್ಬೇಕು ಅನ್ನಿಸ್ತು, ಅಂದ್ಲು." ಕಂಕುಳಲ್ಲಿದ್ದ ಪೇಪರಿನ ಕಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡ. "ಅದಕ್ಕೆ ಏನಂತ ಹೇಳಾದು?"

ನಾನು ಒಳಗೆ ಹೋಗಿ ಕಾಫಿ ತಂದೆ. ಅಷ್ಟರಲ್ಲಿ ಅವನು ಪೇಪರು ಬಿಚ್ಚಿ ಹಳೆಯ ತಗಡೊಂದನ್ನು ಜಗಲಿಯ ಮೇಲೆ ಇಟ್ಟಿದ್ದ. ಶಾಯಿ ಮೆತ್ತಿ ಮೆತ್ತಿ ಕಪ್ಪಾಗಿತ್ತು. "ಅಪ್ಪ ಎಣ್ಣೆ ಡಬ್ಬ ಬಿಚ್ಚಿ, ಉಳೀಲಿ ಹೊಡ್ದಿದ್ದು. ನೋಡಿ, ಹೊಟ್ಟೆ ಇರೋ ಅಕ್ಷರಕ್ಕೆಲ್ಲ ಎರಡೆರಡು ಕಡೆ ಕಾಲು ಬುಟ್ಟವ್ರೆ. ಅದಕ್ಕೇ ಉದುರಕಿಲ್ಲ."

ಬೆರಳಿಟ್ಟು ನೋಡಿದೆ. ಅಕ್ಷರದ ಒಳಭಾಗವನ್ನು ಹೊರಗಿನ ತಗಡಿಗೆ ಹಿಡಿದಿಟ್ಟ ಸಣ್ಣ ಸಣ್ಣ ಪಟ್ಟಿಗಳು. ಯಾರೂ ಹೇಳಿಕೊಡದೆ ಆ ಮನುಷ್ಯ ತೋಟದ ಕೆಲಸದ ನಡುವೆ ಕೂತು ಕಂಡುಕೊಂಡದ್ದು. ಇದನ್ನು ತೋರಿಸಲೆಂದೇ ಬಂದಿರಬೇಕು ಎನ್ನಿಸಿತು. "ಇಟ್ಕೊಂಡಿರಿ, ಕೆಲ್ಸ ಆದ್ಮೇಲೆ ಅಕ್ಕನ ಕೈಲಿ ಕೊಟ್ಕಳ್ಸಿ" ಎಂದು ಕಾಫಿ ಕುಡಿದು ಹೊರಟ.

ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಮತ್ತೆ ಬರೆದೆ. 'ರ'ಕ್ಕೆ ಎರಡು ಕಾಲು, ಸೊನ್ನೆಗೆ ಎರಡು ಕಾಲು. ತಗಡು ಏಳದಂತೆ ನಾಲ್ಕು ಮೂಲೆಗೂ ಭಾರ ಇಟ್ಟು, ಅವಸರ ಮಾಡದೆ ಎರಡು ದಿನ ಕೊಯ್ದೆ. ನಡುವೆ ಒಮ್ಮೆ ಕರೆಂಟು ಹೋಗಿ ಒಂದು ಅಕ್ಷರ ಅರ್ಧಕ್ಕೇ ನಿಂತಿತು. ಆ ತಗಡು ಬಿಸಾಡಿ ಮೊದಲಿನಿಂದ ಶುರು ಮಾಡಿದೆ. ಈ ಸಲ ಎತ್ತಿದಾಗ ಏನೂ ಬೀಳಲಿಲ್ಲ. ಅಂಚುಗಳನ್ನು ಮರಳು ಕಾಗದದಿಂದ ತಿಕ್ಕಿ, ಅಪ್ಪನದು, ಅವಳದು ಎರಡು ತಗಡುಗಳನ್ನೂ ಒಟ್ಟಿಗೆ ಸುತ್ತಿ ಅವಳಿಗೆ ಕೊಟ್ಟೆ.

ಚೀಲ ತುಂಬುವ ದಿನ ಬನ್ನಿ ಎಂದು ಕರೆದಿದ್ದಳು, ಹೋದೆ. ಅಕ್ಕ ತಮ್ಮ ಇಬ್ಬರಿಗೂ ಕಾಫಿ ಒಣಗಿಸುವ ಕಣ ಒಂದೇ. ಈ ತುದಿಯಲ್ಲಿ ಅವಳ ಚೀಲಗಳು, ಆ ತುದಿಯಲ್ಲಿ ಅವನವು. ಅವಳು ಗೋಣಿಯ ಮೇಲೆ ತಗಡಿಟ್ಟು, ಬ್ರಶ್ಶನ್ನು ಶಾಯಿಯಲ್ಲಿ ಅದ್ದಿ, ಎಡದಿಂದ ಬಲಕ್ಕೆ ಎಳೆದಳು. ತಗಡು ತೆಗೆದರೆ ಶಾಯಿ ಅಡಿಗೆ ನುಗ್ಗಿ ಹೆಸರೆಲ್ಲ ಹರಡಿಕೊಂಡಿತ್ತು. ಅವಳು ನನ್ನ ಮುಖ ನೋಡಿದಳು, ನಾನು ತಗಡಿನ ಅಡಿ ನೋಡಿದೆ.

ಆ ತುದಿಯಿಂದ ತಮ್ಮ ಕೂಗಿದ, "ಎಳೀಬ್ಯಾಡ ಕಣಕ್ಕ, ಕುಟ್ಟು. ಬ್ರಶ್ ಒಣಗಿದಂಗೆ ಇರ್ಬೇಕು."

ಅವನು ಎದ್ದು ಬರಲಿಲ್ಲ, ಬ್ರಶ್ಶಿಗೆ ಕೈ ಚಾಚಲಿಲ್ಲ. ಹೇಳಿ ತನ್ನ ಚೀಲ ಹೊಲಿಯಲು ತೊಡಗಿದ. ಅವಳು ಬ್ರಶ್ಶನ್ನು ಚಿಂದಿಗೆ ಒರೆಸಿ, ಎರಡನೆಯ ಚೀಲದ ಮೇಲೆ ಮೆಲ್ಲಗೆ ಕುಟ್ಟಿದಳು. ಈ ಸಲ ಅಕ್ಷರಗಳು ಸ್ಪಷ್ಟವಾಗಿ ಬಂದವು. ಅವಳು ಸ್ವಲ್ಪ ಹಿಂದೆ ಸರಿದು ನಿಂತು ಓದಿದಳು, ತುಟಿ ಮಾತ್ರ ಆಡಿತು. ಆಮೇಲೆ ಮೂರನೆಯ ಚೀಲ ಎಳೆದುಕೊಂಡಳು. ಸಂಜೆ ಅವರಿಬ್ಬರ ಚೀಲಗಳೂ ಒಂದೇ ಪಿಕಪ್ಪಿನಲ್ಲಿ ಹೋದವು.

ಆ ಸುಗ್ಗಿ ಮುಗಿಯುವುದರೊಳಗೆ ಇನ್ನೂ ಮೂವರು ಹೆಂಗಸರು ತಗಡು ಮಾಡಿಸಿಕೊಂಡು ಹೋದರು. ಒಂದು ದಿನ ಊಟಕ್ಕೆ ಕೂತಾಗ, ನಮ್ಮ ತೋಟದ ಚೀಲಗಳ ಮೇಲೂ ನಿಮ್ಮ ಹೆಸರೇ ಇದೆಯಲ್ಲ ಎಂದು ಮನೆಯವರಿಗೆ ಹೇಳಿದೆ. ಅವರು ತಲೆ ಎತ್ತದೆ, "ನಿಂದೂ ಹಾಕ್ಸು, ಯಾರು ಬ್ಯಾಡ ಅಂದ್ರು?" ಎಂದರು. ನಿಜ, ಯಾರೂ ಬೇಡವೆಂದಿರಲಿಲ್ಲ. ನನಗೇ ತೋಚಿರಲಿಲ್ಲ. ಯಂತ್ರ ಮನೆಯಲ್ಲೇ ಇದೆ, ತಗಡೂ ಇದೆ. ಇನಿಷಿಯಲ್ ನನ್ನ ಅಪ್ಪನದು ಹಾಕುವುದೋ ಇವರದು ಹಾಕುವುದೋ ಎಂಬಲ್ಲಿಗೆ ಬಂದು ನಿಂತಿದ್ದೇನೆ, ಇನ್ನೂ ಕೊಯ್ದಿಲ್ಲ.