ಬಿಳಿ ಗೆರೆ ಮುಳುಗಿದ ಬೆಳಿಗ್ಗೆ

ದೆವ್ವ, ಗಾಳಿ, ಶಕುನ ಇವುಗಳನ್ನು ನಾನು ನಂಬುತ್ತಿರಲಿಲ್ಲ. ಈಗಲೂ ನಂಬುತ್ತೇನೆ ಎಂದು ಒಪ್ಪಿಕೊಳ್ಳಲು ತಯಾರಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ "ಸಾಕ್ಷಿ ಎಲ್ಲಿದೆ?" ಎಂದು ಕೇಳಿ ಕೇಳಿಯೇ ಬಹುಮಾನ ಹೊಡೆದವಳು ನಾನು. ಆದರೆ ಕೆಲವು ವರ್ಷಗಳ ಹಿಂದೆ ಮುಳಬಾಗಿಲಿನ ಕಡೆಯ ಒಂದು ಕೆರೆಯಲ್ಲಿ ನಡೆದದ್ದಕ್ಕೆ ನಾನೇ ಸಾಕ್ಷಿ. ತೊಂದರೆ ಇರುವುದೇ ಅಲ್ಲಿ.

ಆ ವರ್ಷ ಕೆರೆ ತುಂಬಿ ಕೋಡಿ ಹರಿದಿತ್ತು. ಹಕ್ಕಿ ನೋಡಲು ಊರಿಗೆ ಕಾರುಗಳು ಬರತೊಡಗಿದ್ದವು. ನಾನೂ ಚಿಕ್ಕಪ್ಪನ ಮಗ ಶಿವಣ್ಣನೂ ಸೇರಿ ಒಂದು ಸಣ್ಣ ದೋಣಿ ಮಾಡಿಸಿದೆವು. ಮೋಟಾರಿಲ್ಲ, ಹುಟ್ಟು ಮಾತ್ರ. ಪ್ಲಾಸ್ಟಿಕ್ ಬಾಟಲಿ ದಡದಲ್ಲೇ ಬಿಡಬೇಕು. ಗೂಡು ಕಟ್ಟಿರುವ ಜಾಲಿಮರಗಳ ಹತ್ತಿರ ಸುಳಿಯುವಂತಿಲ್ಲ. ಆರೇ ಜನ. ಆರು ಜನರ ತೂಕದಷ್ಟು ರಾಗಿಮೂಟೆ ಹೇರಿ ನೋಡಿ, ನೀರು ಬಂದ ಮಟ್ಟಕ್ಕಿಂತ ಎರಡು ಬೆರಳು ಮೇಲೆ ನಾನೇ ದೋಣಿಯ ಸುತ್ತ ಬಿಳಿ ಬಣ್ಣದ ಗೆರೆ ಎಳೆದಿದ್ದೆ. ಗೆರೆ ಮುಳುಗಿದರೆ ಭಾರ ಹೆಚ್ಚಾಯಿತು ಎಂದು ಅರ್ಥ.

ತೂಬು ತೆಗೆದು ಗದ್ದೆಗಳಿಗೆ ನೀರು ಹಂಚುವ ನೀರಗಂಟಿ ತಾತನದು ಬೇರೆ ಲೆಕ್ಕ. ಕೋಡಿ ಹರಿದ ವರ್ಷ ಮೊದಲು ನೀರಿಗಿಳಿಯುವ ದೋಣಿಯಲ್ಲಿ ಒಂದು ಜಾಗ ಗಂಗಮ್ಮನಿಗೆ ಬಿಡಬೇಕಂತೆ. ನೀರಲ್ಲೇ ಇರುವವಳಿಗೆ ದೋಣಿ ಯಾಕೆ ತಾತ ಎಂದೆ. ಅವರು ತೂಬಿನ ಕಡೆ ನಡೆದರು. ಗೆದ್ದೆ ಅಂದುಕೊಂಡೆ.

ಮೊದಲ ದಿನ ಮಾಲೂರಿನಿಂದ ಗಂಡ, ಹೆಂಡತಿ, ಆಕೆಯ ತಂಗಿ ಬಂದಿದ್ದರು. ನಾನು, ಶಿವಣ್ಣ ಸೇರಿ ಐದು. ಹಟ ಹಿಡಿದು ಆರನೆಯ ಜಾಗಕ್ಕೆ ಅಮ್ಮನನ್ನು ಕರೆದೆ. ಅಮ್ಮನಿಗೆ ಈಜು ಬಾರದು.

"ನಿನ್ ಜೊತೆ ವಾದ ಮಾಡೋದಕ್ಕಿಂತ ನೀರಿಗೆ ಬೀಳೋದೇ ಸುಲಭ ಕಣೇ," ಎಂದು ಬೈದುಕೊಂಡೇ ಹತ್ತಿದಳು. ಸೀರೆ ಮೇಲೆ ಇದೇನು ವೇಷ ಎಂದು ಲೈಫ್ ಜಾಕೆಟ್ಟನ್ನು ಮಡಿಲಲ್ಲೇ ಇಟ್ಟುಕೊಂಡಳು. ದಡದಲ್ಲಿದ್ದ ತಾತ, "ವದ್ದಮ್ಮಾ, ಬ್ಯಾಡ, ಆಯಮ್ಮನ್ನ ಇಳಿಸು," ಎಂದರು. ನಾನು ಗೆರೆ ತೋರಿಸಿದೆ. ನೀರಿಗಿಂತ ಸರಿಯಾಗಿ ಎರಡು ಬೆರಳು ಮೇಲಿತ್ತು.

ಬೆಳಿಗ್ಗೆ ಎಂಟರ ಬಿಸಿಲು. ಗಾಳಿಯಿಲ್ಲ. ಕೆರೆಯ ನಡುವೆ ಶಿವಣ್ಣ ಹುಟ್ಟು ನಿಲ್ಲಿಸಿ, ಯಾಕೋ ಭಾರ ಎಳೀತೈತೆ ಎಂದು ನನಗಷ್ಟೇ ಕೇಳುವಂತೆ ಹೇಳಿದ. ಬಗ್ಗಿ ನೋಡಿದೆ. ಗೆರೆ ನೀರಿನೊಳಗಿತ್ತು.

ಸೋರುತ್ತಿದೆಯೇನೋ ಎಂದು ತಳ ಮುಟ್ಟಿದೆ. ಒಣಗಿತ್ತು. ಒಂದು ಬದಿಗೆ ವಾಲಿದೆಯೇ ಎಂದರೆ, ಆಚೆ ಬದಿಯಲ್ಲೂ ಗೆರೆ ಮುಳುಗಿತ್ತು. ಬಳ್ಳಿ ಸುತ್ತಿಕೊಂಡಿದೆಯೇ ಎಂದು ಹುಟ್ಟಿನಿಂದ ಅಡಿಯೆಲ್ಲ ತಡಕಿದೆ, ಏನೂ ತಗುಲಲಿಲ್ಲ. ತಲೆ ಎಣಿಸಿದೆ. ಆರು. ಮತ್ತೆ ಎಣಿಸಿದೆ.

"ಏನೇ ಎಣಿಸ್ತಿದೀಯ?" ಅಮ್ಮ ಕೇಳಿದಳು.

"ಹಕ್ಕಿ," ಎಂದೆ.

ಜಾಕೆಟ್ ಹಾಕ್ಕೋ ಎಂದೆ. ನನ್ನ ಮುಖ ನೋಡಿದಳೋ ಏನೋ, ಎದುರು ಮಾತಾಡದೆ ಹಾಕಿಕೊಂಡಳು. ಬಕಲ್ ನಾನೇ ಹಾಕಿದೆ. ಶಿವಣ್ಣ ದೋಣಿ ತಿರುಗಿಸಿದ. ಮಾಲೂರಿನವರು ಬೆಳ್ಳಕ್ಕಿಗಳ ಫೋಟೋ ತೆಗೆಯುತ್ತಲೇ ಇದ್ದರು. ಯಾರೂ ಅಲ್ಲಾಡಬೇಡಿ, ಹಕ್ಕಿ ಬೆದರುತ್ತವೆ ಎಂದು ಸುಳ್ಳು ಹೇಳಿದೆ. ನೀರು ಅಂಚಿಗೆ ಬರಲು ಒಂದು ಗೇಣೂ ಉಳಿದಿರಲಿಲ್ಲ. ದಡ ಮುಟ್ಟುವವರೆಗೆ ಅಮ್ಮನ ಸೆರಗು ಬಿಡಲಿಲ್ಲ.

ಮೊದಲು ಅಮ್ಮನನ್ನು ಇಳಿಸಿದೆ. ಆಮೇಲೆ ಮಾಲೂರಿನವರು, ಕೊನೆಗೆ ಶಿವಣ್ಣ. ಒಬ್ಬೊಬ್ಬರು ಇಳಿದಂತೆ ದೋಣಿ ಅಷ್ಟಷ್ಟೇ ಮೇಲೇಳುತ್ತಿತ್ತು. ಕೊನೆಗೆ ನಾನು ಇಳಿದೆ, ಅದು ಮೇಲೆದ್ದಿತು.

ಗಾಳಿ, ಅಲೆ, ಕಣ್ಣಿನ ಭ್ರಮೆ, ಭಯ, ಎಲ್ಲವನ್ನೂ ಯೋಚಿಸಿದ್ದೇನೆ. ನೀವು ಹೇಳಬಹುದಾದ್ದು ಯಾವುದನ್ನೂ ಬಿಟ್ಟಿಲ್ಲ. ಆದರೂ ಇಷ್ಟನ್ನು ವಿವರಿಸಲು ನನ್ನಿಂದಾಗಿಲ್ಲ. ನಾನು ಇಳಿದು ನಿಂತು ಒಂದು ಉಸಿರು ಎಳೆದುಕೊಳ್ಳುವಷ್ಟರಲ್ಲಿ, ಯಾರೂ ಇಲ್ಲದ ಆ ದೋಣಿ ಇನ್ನೊಂದು ಸಲ ಮೇಲೆದ್ದಿತು.