ನಾನು ಸುಳ್ಳುಸುಳ್ಳೇ ಹೊರಗಾದ ತಿಂಗಳುಗಳು

ಮೊದಲ ತಿಂಗಳು ಮುಟ್ಟು ಬರ್ಲಿಲ್ಲ ಅಂದಾಗ ನಂಗೆ ಖುಷಿಯಾಯ್ತು.

ನಿಜ, ಹಬ್ಬಾನೇ ಮಾಡ್ದೆ. ಕೆಜಿಎಫ್ ಕಾಲೇಜಿಗೆ ಹೋಗೋ ಬಸ್ಸಲ್ಲಿ ಹೊಟ್ಟೆನೋವಿಲ್ದೆ ನಿಂತಿದ್ದೆ, ಒಂದು ಕೈಲಿ ಕಂಬಿ, ಇನ್ನೊಂದು ಕೈಲಿ ಬೋಂಡ. ಎರಡನೇ ತಿಂಗಳೂ ಬರ್ಲಿಲ್ಲ. ಬೋಂಡ ಗಂಟಲಲ್ಲಿ ಸಿಕ್ಕಾಕ್ಕೊಳ್ತು.

ನಮ್ಮದು ಬಂಗಾರಪೇಟೆ ಹತ್ರದ ಹಳ್ಳಿ. ಮನೆ ಪಕ್ಕದಲ್ಲೇ ರೇಷ್ಮೆ ಹುಳದ ಮನೆ. ಮುಟ್ಟಾದ ಹೆಂಗಸರು ಅದರೊಳಗೆ ಕಾಲಿಡಂಗಿಲ್ಲ, ಹುಳಕ್ಕೆ ರೋಗ ಬರುತ್ತೆ ಅಂತ ಅಜ್ಜಿ ನಂಬಿಕೆ. ಮೂರು ದಿನ ಜಗಲಿ ಮೇಲೆ ಕೂರ್ಬೇಕು. ಹಂಗಾಗಿ ನಮ್ಮನೇಲಿ ಯಾರು ಯಾವಾಗ ಹೊರಗಾದ್ರು ಅನ್ನೋದು ಗುಟ್ಟಲ್ಲ, ಬೀದೀಲಿ ಹೋಗೋ ಹಾಲಿನವನಿಗೂ ಗೊತ್ತು. ಮದ್ವೆಯಾಗದ ಹುಡುಗಿ ಎರಡು ತಿಂಗಳು ಜಗಲಿಗೇ ಬರ್ಲಿಲ್ಲ ಅಂದ್ರೆ ಬೀದಿ ಏನು ಅನ್ಕೊಳ್ಳುತ್ತೆ? ಬೀದಿ ಹಾಳಾಗ್ಲಿ. ಅಮ್ಮ ಏನು ಅನ್ಕೊಳ್ತಾಳೆ?

ಅದಕ್ಕೇ ನನ್ನ ಮಹಾ ಬುದ್ಧಿ ಓಡಿಸ್ದೆ. ಸುಳ್ಳುಸುಳ್ಳೇ ಹೊರಗಾದೆ.

ಹೊಟ್ಟೆ ಹಿಡ್ಕೊಂಡೆ. ನರಳ್ದೆ. ಜಗಲಿ ಮೇಲೆ ಚಾಪೆ ಹಾಸ್ಕೊಂಡು ಬಿದ್ಕೊಂಡೆ. ನಾನು ಆರಿಸ್ಕೊಂಡ ವಾರ ನೋಡಿ: ಹುಳ ಕೊನೇ ಸಲ ಪೊರೆ ಬಿಟ್ಟು ಬಕಾಸುರನಂಗೆ ಸೊಪ್ಪು ತಿನ್ನೋ ವಾರ. ಅಮ್ಮ ಒಬ್ಳೇ ಇಬ್ಬರ ಕೆಲಸ ಮಾಡ್ತಾ ಓಡಾಡ್ತಿದ್ಳು. ನಾನು ಆ ಕಡೆ ಗೊರಕೆ.

ಗೊರಕೆ ಮಾತ್ರ ನಾಟಕ ಅಲ್ಲ. ಎಷ್ಟು ಮಲಗಿದ್ರೂ ಸುಸ್ತು. ಬೇಸಿಗೇಲೂ ಚಳಿ. ಮುಖ ಊದ್ಕೊಂಡು ಇಡ್ಲಿಯಂಗಾಗಿತ್ತು. ಸೊಪ್ಪಿನ ಮೂಟೆಗೆ ಒರಗಿದ್ರೆ ಅಲ್ಲೇ ನಿದ್ದೆ. ಬೆಳಗ್ಗೆ ಅಮ್ಮ ಬೈದು ಎಬ್ಬಿಸೋಳು. ಅಜ್ಜಿ ಅಂತೂ ಬಿಡ್ತಿರ್ಲಿಲ್ಲ: "ಲೇ ಪವೀ, ಉಳ ಆದ್ರೂ ಪೊರೆ ಬಿಡೋವಾಗ ಮಾತ್ರ ಮಲಗ್ತವೆ. ನೀನು ವರ್ಸ ಪೂರ್ತಿ ಮಲಗ್ತೀಯಲ್ಲೇ!"

ಮುಂದಿನ ತಿಂಗಳು ಮತ್ತೆ ಹೊರಗಾದೆ. ಎಂಥಾ ನಟಿ ಅಂದ್ರೆ, ಮೂರನೇ ದಿನ ನಾನು ಹೊರಗಾಗಿರೋದು ನಂಗೇ ಮರ್ತೋಯ್ತು! ಸೊಪ್ಪಿನ ಬುಟ್ಟಿ ತಲೆ ಮೇಲೆ ಹೊತ್ಕೊಂಡು ಸೀದಾ ಹುಳದ ಮನೆಯೊಳಗೆ ನಡೆದೆ.

"ಅಯ್ಯೋ ಮುಂಡೇದೇ, ಆಚೆ ಓಗೇ!" ಅಂತ ಅಜ್ಜಿ ಕಿರುಚ್ಕೊಂಡ್ಳು.

ಅಮ್ಮ ತಲೆ ಕೂಡ ಎತ್ಲಿಲ್ಲ. "ಅವ್ಳದ್ದು ಮುಗೀತು ಬಿಡಿ ಅತ್ತೆ. ಬೆಳಗ್ಗೇನೇ ತಲೆಗೆ ನೀರು ಹಾಕ್ಕೊಂಡ್ಳು."

ನನ್ನ ತಲೆ ನೀರು ಕಂಡು ವಾರ ಆಗಿತ್ತು. ಪಾಪ, ಅಮ್ಮಂಗೆ ಕೆಲಸದಲ್ಲಿ ಗೊತ್ತಾಗ್ಲಿಲ್ಲ ಅನ್ಕೊಂಡೆ. ನನ್ನಷ್ಟು ಬುದ್ಧಿವಂತೆ ತಾಲ್ಲೂಕಲ್ಲೇ ಇಲ್ಲ ಅಂತ ಬೀಗ್ದೆ.

ಸ್ವಲ್ಪ ದಿನಕ್ಕೆ ಅಮ್ಮ, "ನಿನ್ನ ಕೂದಲು ಸಾರಲ್ಲೆಲ್ಲ ಸಿಗ್ತಾ ಐತೆ, ನಡಿ ಡಾಕ್ಟ್ರ ಹತ್ರ" ಅಂತ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಗೆ ಎಳ್ಕೊಂಡೋದ್ಳು. ಲೇಡಿ ಡಾಕ್ಟ್ರು. ನಮ್ಮ ಮುಂದಿನವರಿಗೆ ತಮಿಳಲ್ಲಿ ಬೈದು, ನಮ್ಮನ್ನ ಕನ್ನಡದಲ್ಲಿ ಕೂರಿಸಿದ್ರು. ಕೂದಲ ಕಥೆ ಕೇಳಿ, "ಪೀರಿಯಡ್ಸ್ ಸರಿಯಾಗಿ ಆಗುತ್ತಾ? ಲಾಸ್ಟ್ ಡೇಟ್ ಯಾವಾಗ?" ಅಂದ್ರು.

ನಾನು ಜಗಲಿ ಮೇಲೆ ಕೂತಿದ್ದ ತಾರೀಖು ಪಟ್ಟಂತ ಹೇಳ್ದೆ.

"ಅದಲ್ಲ ಡಾಕ್ಟ್ರೇ," ಅಂದ್ಳು ಅಮ್ಮ. "ಇವ್ಳಿಗೆ ಯುಗಾದಿ ಆದ್ಮೇಲೆ ಆಗೇ ಇಲ್ಲ."

ಅಮ್ಮಂಗೆ ಗೊತ್ತಿತ್ತು.

ಡಾಕ್ಟ್ರು ಅಮ್ಮನ್ನ ಆಚೆ ಕೂರಿಸಿ ನನ್ನನ್ನ ನೇರವಾಗಿ ಕೇಳಿದ್ರು. "ಭಯ ಬೇಡ. ಯಾರ ಜೊತೆಗಾದ್ರೂ ಸಂಬಂಧ ಇದೆಯಾ?"

"ನಂಗೆ ಬಸ್ಸಲ್ಲಿ ಸೀಟೇ ಸಿಗಲ್ಲ ಮೇಡಂ, ಹುಡುಗ ಎಲ್ಲಿ ಸಿಗ್ತಾನೆ?"

ನಕ್ರು. ನಕ್ಕು ಬರೆದ್ರು. ಬ್ಲಡ್ ಟೆಸ್ಟ್, ಸ್ಕ್ಯಾನಿಂಗ್.

ಪ್ರೆಗ್ನೆನ್ಸಿ ಟೆಸ್ಟ್.

"ನಿನ್ನ ನಂಬಲ್ಲ ಅಂತಲ್ಲಮ್ಮ, ಪೀರಿಯಡ್ಸ್ ನಿಂತ ಎಲ್ಲರಿಗೂ ಬರೀತೀವಿ. ಈ ವಯಸ್ಸಲ್ಲಿ ಕಾರಣ ಒಂದೇ ಇರಲ್ಲ. ಥೈರಾಯ್ಡ್ ಇರ್ಬೋದು, ಪಿಸಿಓಡಿ ಇರ್ಬೋದು, ಬೇರೆ ಹಾರ್ಮೋನ್ ಇರ್ಬೋದು. ತೂಕ ದಿಢೀರ್ ಅಂತ ಏರಿದ್ರೂ ಇಳಿದ್ರೂ ಆಗುತ್ತೆ, ಟೆನ್ಷನ್‌ಗೂ ಆಗುತ್ತೆ. ನೋಡೋಣ."

ಆಚೆ ಬೆಂಚಲ್ಲಿ ಅಮ್ಮನ ಪಕ್ಕ ಕೂತೆ. ಯಾವ್ಯಾವ ಟೆಸ್ಟು ಅಂತ ಹೇಳ್ದೆ. ಮೂರನೇದು ಹೇಳೋವಾಗ ನನ್ನ ಧ್ವನಿ ನಂಗೇ ಕೇಳಿಸ್ಲಿಲ್ಲ. "ಅಮ್ಮ, ನೀನೂ ನನ್ನ ಬಗ್ಗೆ ಹಂಗೇನಾದ್ರೂ..."

"ಹಂಗೇನಾದ್ರೂ ಇದ್ದಿದ್ರೆ ಬಸ್ ಇಳಿಯೋಕೆ ಮುಂಚೆ ನೀನೇ ಊರಿಗೆಲ್ಲ ಹೇಳ್ತಿದ್ದೆ. ನಿನ್ನ ಬಾಯಲ್ಲಿ ಎಳ್ಳುಕಾಳು ನೆನೆಯಲ್ಲ."

"ಮತ್ತೆ ನಾಟಕ ಅಂತ ಹೆಂಗೆ ಗೊತ್ತಾಯ್ತು?"

"ಪ್ಯಾಡ್ ಪ್ಯಾಕೆಟ್ ಒಡೆದೇ ಇರ್ಲಿಲ್ಲ ಕಣೇ! ಸುಳ್ಳಾಡೋರು ಅಷ್ಟಾದ್ರೂ ಒಡೀಬೇಕು."

"ಕೇಳ್ಬೋದಿತ್ತಲ್ಲ?"

ಅಮ್ಮ ಸೆರಗಿನ ತುದಿ ಸುತ್ತಿದ್ಳು, ಬಿಚ್ಚಿದ್ಳು. "ಹೊಟ್ಟೇಲಿ ಏನೋ ಗಡ್ಡೆ ಬೆಳೀತಾ ಐತೇನೋ ಅಂತ ಭಯ. ಕೇಳಿದ್ರೆ ನಿಜ ಆಗೋಯ್ತದೆ ಅನ್ನಿಸ್ತು."

ಅಮ್ಮಂಗೆ ಗೊತ್ತಾಗ್ಬಾರ್ದು ಅಂತ ನಾನು ಜಗಲಿ ಮೇಲೆ ನರಳ್ತಿದ್ರೆ, ಅಜ್ಜಿಗೆ ಗೊತ್ತಾಗ್ಬಾರ್ದು ಅಂತ ಅಮ್ಮ ನನ್ನ ಪಾಲಿನ ಸೊಪ್ಪೂ ತಾನೇ ಹಾಕ್ತಾ, ಒಣಗಿದ ತಲೆಗೆ ಸ್ನಾನ ಆಯ್ತು ಅಂತ ಸಾಕ್ಷಿ ಹೇಳ್ತಾ, ಒಳಗೊಳಗೇ ಗಡ್ಡೆಯ ಲೆಕ್ಕ ಹಾಕ್ತಾ ಇದ್ಳು. ಒಂದೇ ಮನೇಲಿ ಎರಡು ನಾಟಕ ಕಂಪ್ನಿ. ನಂದು ಮಾತ್ರ ಫ್ಲಾಪ್.

ಸ್ಕ್ಯಾನಿಂಗ್‌ಗೆ ಹೊಟ್ಟೆ ತುಂಬ ನೀರು ಕುಡೀರಿ, ಬಾತ್‌ರೂಮಿಗೆ ಹೋಗ್ಬೇಡಿ ಅಂದ್ರು. ನಾನು ಬಿಂದಿಗೆಯಂಗೆ ತುಂಬ್ಕೊಂಡೆ. ಸ್ಕ್ಯಾನಿಂಗ್ ಸೆಂಟ್ರಿಗೆ ಆಟೋ. ರಸ್ತೇಲಿ ಗುಂಡಿಗೊಂದು ಸಲ ದೇವ್ರನ್ನ ಕರೆದೆ, ಹೊಸ ದೇವ್ರುಗಳೂ ಬಂದ್ರು. ಹೋಗಿ ನೋಡಿದ್ರೆ ಕ್ಯೂ. ತಡೀಲಾರ್ದೆ ಎದ್ದೋಡ್ದೆ. ವಾಪಸ್ ಬಂದು ಮತ್ತೆ ಮೊದ್ಲಿಂದ ನೀರು. ಅಮ್ಮ ಬಾಟ್ಲಿ ಹಿಡ್ಕೊಂಡು, "ಕುಡಿಯೇ ನನ್ನ ತಾಯಿ" ಅಂತ ಎಮ್ಮೆಗೆ ಕಲಗಚ್ಚು ಇಟ್ಟಂಗೆ ಕುಡಿಸಿದ್ಳು.

ಪ್ರೆಗ್ನೆನ್ಸಿ ಟೆಸ್ಟ್ ನೆಗೆಟಿವ್. ಸ್ಕ್ಯಾನಿಂಗ್ ನಾರ್ಮಲ್. ಗಡ್ಡೆ ಇಲ್ಲ. ಟಿಎಸ್‌ಹೆಚ್ ಮಾತ್ರ ಆಕಾಶದಲ್ಲಿತ್ತು. ಅದು ಏರಿದೆ ಅಂದ್ರೆ ಥೈರಾಯ್ಡ್ ಕೆಲಸ ಕಮ್ಮಿ ಮಾಡ್ತಿದೆ ಅಂತ. ಸುಸ್ತು, ಚಳಿ, ಕೂದಲು, ಮುಟ್ಟು, ಎಲ್ಲದಕ್ಕೂ ಅದೇ ಇರ್ಬೇಕು ಅಂದ್ರು ಡಾಕ್ಟ್ರು.

"ನೋಡಮ್ಮ, ನನ್ನ ಸೋಮಾರಿತನಕ್ಕೆ ಲ್ಯಾಬ್ ರಿಪೋರ್ಟ್ ಸಿಕ್ತು! ಫ್ರೇಮ್ ಹಾಕ್ಸೋಣ."

ಅಮ್ಮ ನಗ್ಲಿಲ್ಲ. "ಹುಷಾರಿಲ್ದಿರೋಳ್ನ ಬೈದು ಬೈದು ಎಬ್ಬಿಸ್ತಿದ್ದೆನಲ್ಲೇ" ಅಂತ ನನ್ನ ಜಡೆ, ಅಂದ್ರೆ ಉಳಿದಿದ್ದಷ್ಟು ಜಡೆ, ಕೈಯಲ್ಲಿ ಹಿಡ್ಕೊಂಡು ಕೂತ್ಳು.

"ಇವ್ಳಿಗೆ ಮುಂದೆ ಮಕ್ಕಳು...?" ಅಂತ ಕೇಳಿದ್ಳು ಡಾಕ್ಟ್ರನ್ನ.

"ಮಾತ್ರೆ ಬಿಡದೆ ತಗೊಂಡ್ರೆ ಇದರಿಂದ ಅದಕ್ಕೆ ತೊಂದ್ರೆ ಇಲ್ಲಮ್ಮ. ಪೀರಿಯಡ್ಸ್ ದಾರಿಗೆ ಬರೋಕೆ ಟೈಮ್ ಬೇಕು. ಮತ್ತೆ ಟೆಸ್ಟ್ ಮಾಡ್ಸಿ."

ಈಗ ಬೆಳಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ, ಆಮೇಲೆ ಕಾಯ್ಕೊಂಡು ಕಾಫಿ. ಕಾಫಿ ಕಾಯೋದೇ ನಿಜವಾದ ಕಾಯಿಲೆ. ಸುಸ್ತು ಮೆಲ್ಲಗೆ ಕಮ್ಮಿಯಾಗ್ತಾ ಐತೆ. ಮುಟ್ಟು ಒಂದು ಸಲ ಬಂತು. ಅಮ್ಮ ಆವತ್ತು ಪಾಯಸ ಮಾಡಿ, ಯಾಕೆ ಅಂತ ಯಾರಿಗೂ ಹೇಳ್ಲಿಲ್ಲ.

ಆಮೇಲಿನ ತಿಂಗಳು ಮತ್ತೆ ತಡ ಆಯ್ತು. ಕಾಲು ಅಭ್ಯಾಸಬಲದಿಂದ ಜಗಲಿ ಕಡೆ ತಿರುಗಿತ್ತು. ನಿಂತೆ. ಹುಳದ ಮನೆಗೆ ಹೋದೆ. ಅಜ್ಜೀನೂ ಅಲ್ಲೇ ಇದ್ಳು. ಇರ್ಲಿ ಅಂತ ಹೇಳೇಬಿಟ್ಟೆ. "ಅಮ್ಮ, ಇನ್ನೂ ಬಂದಿಲ್ಲ."

ಅಮ್ಮ ಅಜ್ಜಿ ಮುಖ ನೋಡಿದ್ಳು. ಆಮೇಲೆ ಅಜ್ಜಿ ಎದುರೇ, ಗಟ್ಟಿಯಾಗೇ ಅಂದ್ಳು: "ಬರ್ದಿದ್ರೆ ಬರ್ದೇ ಇರ್ಲಿ. ಮಾತ್ರೆ ತಗೊಂಡ್ಯಾ? ಡಾಕ್ಟ್ರು ಟೈಮ್ ಬೇಕು ಅಂದವ್ರೆ."

ನಾನು ಅಜ್ಜಿ ಬೈಗುಳಕ್ಕೆ ಕಾದೆ.

ಅಜ್ಜಿ ಹುಳದ ತಟ್ಟೆ ನನ್ನ ಕಡೆ ತಳ್ಳಿದ್ಳು. "ಬಂಗಾರಪೇಟೆ ರೈಲೇ ಟೈಮಿಗೆ ಬರಲ್ಲ, ಇದೆಲ್ಲಿ ಬತ್ತದೆ. ಸೊಪ್ಪು ಆಕು, ಪಾಪ, ಉಳ ಅಸ್ಕೊಂಡವೆ."